ಸ್ವಂತ ಕಟ್ಟಿದ ವಿಮಾನಕ್ಕೆ ಸ್ಟಾರ್ಟರ್ ವೈರಿಂಗ್: ಬ್ಯಾಟರಿಯಿಂದ ಪ್ರೊಪೆಲ್ಲರ್ ತನಕ

ಕಾಗದದ ಮೇಲೆ ನೋಡಿದರೆ ಸ್ಟಾರ್ಟರ್ ಸರ್ಕ್ಯೂಟ್‌ನಷ್ಟು ಸುಲಭದ್ದು ಇಡೀ ವಿಮಾನದಲ್ಲಿ ಇಲ್ಲ. ಒಂದು ಬ್ಯಾಟರಿ, ಎರಡು ಕಾಂಟ್ಯಾಕ್ಟರ್ (ಸಣ್ಣ ಕರೆಂಟ್ ಕೊಟ್ಟರೆ ದೊಡ್ಡ ಕರೆಂಟ್ ಹಾಯಿಸುವ ಸ್ವಿಚ್), ಒಂದು ಬಟನ್, ಒಂದು ಮೋಟರ್. ಮುಗೀತು. ಎಂಜಿನ್ ತಿರುಗಿಸೋದು ನಿಜವಾಗಿಯೂ ಕಷ್ಟ ಅಲ್ಲ. ಕಷ್ಟ ಇರುವುದು ಬಿಡಿಸೋದರಲ್ಲಿ. ಬಟನ್‌ನಿಂದ ಬೆರಳು ತೆಗೆದ ಕೂಡಲೇ ಸ್ಟಾರ್ಟರ್ ಬಿಡಬೇಕು. ಬಿಡದಿದ್ದರೆ ನಿಮಗೆ ಗೊತ್ತಾಗಬೇಕು. ಗೊತ್ತಾದ ಮೇಲೆ ಕರೆಂಟ್ ಕತ್ತರಿಸೋಕೆ ಇನ್ನೊಂದು ದಾರಿ ಇರಬೇಕು. ಕೆಳಗೆ ಹೇಳಿರುವ ಬಹುತೇಕ ಎಲ್ಲವೂ ಈ ಮೂರಕ್ಕಾಗಿಯೇ.

ಇಲ್ಲಿ ಹಿಡಿದಿರುವ ವಿಮಾನ ಆರ್‌ವಿ-7 ತರಹದ್ದು: ಅಮೆರಿಕದ ಆರೆಗಾನ್‌ನ ವ್ಯಾನ್ಸ್ ಏರ್‌ಕ್ರಾಫ್ಟ್ ಮಾರುವ ಅಲ್ಯೂಮಿನಿಯಂ ಕಿಟ್, ಎರಡು ಸೀಟು, ಲೈಕಮಿಂಗ್ ಓ-320 ಅಥವಾ ಓ-360 ಎಂಜಿನ್, 12 ವೋಲ್ಟ್ ವ್ಯವಸ್ಥೆ. ಅಲ್ಲಿ ಗ್ಯಾರೇಜಿನಲ್ಲಿ ಇಂಥದ್ದನ್ನು ಕಟ್ಟುವವರಿಗೆ ಇದು ನೇರವಾಗಿ ಹೊಂದುತ್ತದೆ. ಬೆಂಗಳೂರಿನ ರಾಜ್ ಹಂಸ ಅಲ್ಟ್ರಾಲೈಟ್ಸ್‌ನ ಎಕ್ಸ್-ಏರ್ ಥರದ ಹಗುರ ವಿಮಾನಕ್ಕೆ ರೋಟಾಕ್ಸ್ 912 ಎಂಜಿನ್ ಕೂರಿಸಿದವರಿಗೂ ತತ್ವ ಇದೇ, ಆದರೆ ರೋಟಾಕ್ಸ್‌ನ ರಿಲೇ, ಇಗ್ನಿಷನ್ ಎಲ್ಲ ಬೇರೆ. ಅದಕ್ಕೆ ಅದರ ಇನ್‌ಸ್ಟಾಲೇಷನ್ ಮ್ಯಾನುಯಲ್ ಅನ್ನೇ ನೋಡಿ.

ಮೊದಲು ಚಿತ್ರ ಬರೆಯಿರಿ

ಇದರಲ್ಲಿ ಎರಡು ಸರ್ಕ್ಯೂಟ್ ಇವೆ, ಎರಡನ್ನೂ ಬೇರೆ ಬೇರೆ ಬಣ್ಣದಲ್ಲಿ ಬರೆಯಿರಿ. ದಪ್ಪ ಕೇಬಲ್‌ನದು: ಬ್ಯಾಟರಿ ಪ್ಲಸ್‌ನಿಂದ ಮಾಸ್ಟರ್ ಕಾಂಟ್ಯಾಕ್ಟರ್, ಅಲ್ಲಿಂದ ಸ್ಟಾರ್ಟರ್ ಕಾಂಟ್ಯಾಕ್ಟರ್, ಅಲ್ಲಿಂದ ಸ್ಟಾರ್ಟರ್ ಮೋಟರ್, ಮೋಟರ್‌ನ ಮೈಯಿಂದ ಎಂಜಿನ್, ಎಂಜಿನ್‌ನಿಂದ ಗ್ರೌಂಡ್ ಪಟ್ಟಿ, ಕೊನೆಗೆ ಬ್ಯಾಟರಿ ಮೈನಸ್. ಇದರಲ್ಲಿ ಸುಮಾರು 150ರಿಂದ 250 ಆಂಪ್ ಹರಿಯುತ್ತದೆ, ಮೊದಲ ಕ್ಷಣದಲ್ಲಿ ಇನ್ನೂ ಜಾಸ್ತಿ. ಸಣ್ಣ ತಂತಿಯದು: ಬಸ್‌ನಿಂದ (ಎಲ್ಲ ಕಡೆಗೆ ಕರೆಂಟ್ ಹಂಚುವ ಲೋಹದ ಪಟ್ಟಿ) ಫ್ಯೂಸ್, ಫ್ಯೂಸ್‌ನಿಂದ ಬಟನ್, ಬಟನ್‌ನಿಂದ ಸ್ಟಾರ್ಟರ್ ಕಾಂಟ್ಯಾಕ್ಟರ್‌ನ ಕಾಯಿಲ್, ಅಂದರೆ ಅದರೊಳಗಿನ ತಂತಿ ಸುರುಳಿ. ಇದರಲ್ಲಿ ಮೂರು ನಾಲ್ಕು ಆಂಪ್ ಅಷ್ಟೇ.

ಚಿತ್ರದಲ್ಲಿ ಗಮನಿಸಬೇಕಾದ ಒಂದು ವಿಷಯ ಇದೆ. ಸ್ಟಾರ್ಟರ್ ಕಾಂಟ್ಯಾಕ್ಟರ್‌ಗೆ ಕರೆಂಟ್ ಬರಬೇಕಾದ್ದು ಮಾಸ್ಟರ್ ಕಾಂಟ್ಯಾಕ್ಟರ್‌ನ ಆಚೆ ಕಡೆಯಿಂದ, ನೇರವಾಗಿ ಬ್ಯಾಟರಿಯಿಂದ ಅಲ್ಲ. ಸ್ಟಾರ್ಟರ್ ಕಾಂಟ್ಯಾಕ್ಟರ್ ಒಳಗೆ ಅಂಟಿಕೊಂಡರೆ ಮಾಸ್ಟರ್ ಆಫ್ ಮಾಡುವುದೇ ನಿಮ್ಮ ಎರಡನೇ ದಾರಿ. ಕೇಬಲ್ ಅರ್ಧ ಅಡಿ ಉಳಿಯುತ್ತದೆ ಅಂತ ಬ್ಯಾಟರಿಗೇ ಜೋಡಿಸಿದರೆ ಆ ದಾರಿ ಹೋಯಿತು.

ಕಾಂಟ್ಯಾಕ್ಟರ್‌ಗಳು: ನೋಡೋಕೆ ಅವಳಿ, ಕೆಲಸ ಬೇರೆ

ಮಾಸ್ಟರ್ ಕಾಂಟ್ಯಾಕ್ಟರ್ ಹಾರಾಟ ಪೂರ್ತಿ ಆನ್ ಆಗಿರುವಂಥದ್ದು, ಅದಕ್ಕೇ ಅದರ ಕಾಯಿಲ್ ಕಡಿಮೆ ಕರೆಂಟ್ ಎಳೆಯುತ್ತದೆ, ಸುಮಾರು ಒಂದು ಆಂಪ್. ಸ್ಟಾರ್ಟರ್ ಕಾಂಟ್ಯಾಕ್ಟರ್ ಕೆಲವೇ ಸೆಕೆಂಡಿನ ಕೆಲಸಕ್ಕೆ ಮಾಡಿದ್ದು, ಒಳಗಿನ ತಟ್ಟೆಯನ್ನು ಬಲವಾಗಿ ಒತ್ತಿ ಹಿಡಿಯಬೇಕು, ಹಾಗಾಗಿ ಕಾಯಿಲ್ ಜಾಸ್ತಿ ಎಳೆಯುತ್ತದೆ. ಎರಡನ್ನೂ ಪಕ್ಕ ಪಕ್ಕ ಇಟ್ಟರೆ ಒಂದೇ ನೋಟಕ್ಕೆ ಗುರುತು ಸಿಗುವುದಿಲ್ಲ. ಅದಲು ಬದಲಾದರೆ ಸ್ಟಾರ್ಟರ್‌ನದು ಮಾಸ್ಟರ್ ಜಾಗದಲ್ಲಿ ಕೂತು ಕಾದು ಸುಟ್ಟುಹೋಗುತ್ತದೆ, ಮಾಸ್ಟರ್‌ನದು ಸ್ಟಾರ್ಟರ್ ಜಾಗದಲ್ಲಿ ಕೂತು ಕಾಂಟ್ಯಾಕ್ಟ್ ಬೆಸೆದುಕೊಳ್ಳಬಹುದು.

ಪೆಟ್ಟಿಗೆ ಮೇಲಿನ ಚೀಟಿ ನಂಬಬೇಡಿ, ಮಲ್ಟಿಮೀಟರ್ ತೆಗೆದುಕೊಳ್ಳಿ. ಕಾಯಿಲ್‌ನ ರೆಸಿಸ್ಟೆನ್ಸ್ ಅಳೆಯಿರಿ. ಹದಿನೈದು ಓಮ್ ಆಸುಪಾಸು ಬಂದರೆ ಮಾಸ್ಟರ್‌ಗೆ. ಮೂರು ನಾಲ್ಕು ಓಮ್ ಬಂದರೆ ಸ್ಟಾರ್ಟರ್‌ಗೆ. ಅಳೆದ ಮೇಲೆ ಮಾರ್ಕರ್‌ನಿಂದ ಮೈಮೇಲೇ ಬರೆದಿಡಿ.

ಸಾಮಾನ್ಯವಾಗಿ ಬಳಸುವ ಮಾಸ್ಟರ್ ಕಾಂಟ್ಯಾಕ್ಟರ್‌ಗೆ ಎರಡು ದೊಡ್ಡ ಬೋಲ್ಟು, ಒಂದು ಸಣ್ಣ ಬೋಲ್ಟು. ಕಾಯಿಲ್‌ನ ಒಂದು ತುದಿ ಒಳಗೇ ಬ್ಯಾಟರಿ ಬೋಲ್ಟಿಗೆ ಸೇರಿದೆ. ಇನ್ನೊಂದು ತುದಿಯನ್ನು ಪ್ಯಾನೆಲ್‌ನ ಮಾಸ್ಟರ್ ಸ್ವಿಚ್ ಗ್ರೌಂಡ್‌ಗೆ ಮುಟ್ಟಿಸುತ್ತದೆ. ಇದರ ಲಾಭ ಏನಂದರೆ ಆ ತಂತಿ ಎಲ್ಲಾದರೂ ಉಜ್ಜಿ ವಿಮಾನದ ಮೈಗೆ ತಾಗಿದರೂ ಕಿಡಿಯಿಲ್ಲ, ಬೆಂಕಿಯಿಲ್ಲ, ಮಾಸ್ಟರ್ ಆನ್ ಆಗಿಯೇ ಉಳಿಯುತ್ತದೆ ಅಷ್ಟೇ.

ಸ್ಟಾರ್ಟರ್ ಕಾಂಟ್ಯಾಕ್ಟರ್‌ಗೆ ಎರಡು ದೊಡ್ಡ ಬೋಲ್ಟು, ಜೊತೆಗೆ ‘ಎಸ್’ ಮತ್ತು ‘ಐ’ ಅಂತ ಎರಡು ಸಣ್ಣವು. ‘ಎಸ್’ಗೆ ಬಟನ್‌ನ ತಂತಿ ಬರುತ್ತದೆ. ಕಾಯಿಲ್‌ನ ಇನ್ನೊಂದು ತುದಿ ಕಾಂಟ್ಯಾಕ್ಟರ್‌ನ ತಗಡಿನ ಮೈಗೆ ಸೇರಿರುತ್ತದೆ. ಅಂದರೆ ಅದನ್ನು ಕೂರಿಸುವ ಜಾಗದಲ್ಲಿ ಪೇಂಟ್ ಕೆರೆದು ಬರೀ ಲೋಹ ತಾಗುವ ಹಾಗೆ ಮಾಡಬೇಕು. ಫೈಬರ್ ಗ್ಲಾಸ್ ವಿಮಾನವಾದರೆ ಮೌಂಟಿಂಗ್ ಬೋಲ್ಟಿಗೇ ಬೇರೆ ಗ್ರೌಂಡ್ ತಂತಿ ಬೇಕು. ಈ ಒಂದು ತಂತಿ ಮರೆತು, ಬಟನ್ ಕೆಟ್ಟಿದೆ ಅಂತ ಪ್ಯಾನೆಲ್ ಬಿಚ್ಚಿ ಕೂತವರಿದ್ದಾರೆ.

ಜಾಗದ ವಿಷಯ: ಮಾಸ್ಟರ್ ಕಾಂಟ್ಯಾಕ್ಟರ್ ಬ್ಯಾಟರಿಗೆ ಎಷ್ಟು ಹತ್ತಿರವೋ ಅಷ್ಟು ಒಳ್ಳೆಯದು. ಸ್ಟಾರ್ಟರ್ ಕೇಬಲ್‌ಗೆ ಸಣ್ಣ ವಿಮಾನಗಳಲ್ಲಿ ಫ್ಯೂಸ್ ಹಾಕುವ ರೂಢಿ ಇಲ್ಲ. ಬ್ಯಾಟರಿಯಿಂದ ಮಾಸ್ಟರ್‌ವರೆಗಿನ ತುಂಡು ಸದಾ ಕರೆಂಟ್ ಇರುವಂಥದ್ದು, ಅದನ್ನು ಕತ್ತರಿಸೋಕೆ ಯಾವ ಸ್ವಿಚ್ಚೂ ಇಲ್ಲ. ಅದು ಒಂದು ಗೇಣಿಗಿಂತ ಉದ್ದ ಆಗದಿರಲಿ.

ಕೇಬಲ್ ಎಷ್ಟು ದಪ್ಪ?

ಅಮೆರಿಕದಲ್ಲಿ 2 ಗೇಜ್, 4 ಗೇಜ್ ಅಂತ ಹೇಳುತ್ತಾರೆ. ನಮ್ಮ ಅಂಗಡಿ ಭಾಷೆಯಲ್ಲಿ 2 ಗೇಜ್ ಅಂದರೆ 35 ಚದರ ಮಿಲಿಮೀಟರ್‌ಗೆ ಹತ್ತಿರ (ನಿಖರವಾಗಿ 33.6), 4 ಗೇಜ್ ಅಂದರೆ 21, ಸಿಗುವುದರಲ್ಲಿ ಹತ್ತಿರದ್ದು 25. ಲೆಕ್ಕ ಸುಲಭ. 35ರ ತಾಮ್ರದ ಕೇಬಲ್‌ನಲ್ಲಿ 200 ಆಂಪ್ ಹರಿದರೆ ಮೀಟರಿಗೆ ಸುಮಾರು 0.1 ವೋಲ್ಟ್ ಕಳೆದುಹೋಗುತ್ತದೆ. 25ರದರಲ್ಲಿ 0.14.

ಆರ್‌ವಿ-7ರಲ್ಲಿ ಬ್ಯಾಟರಿ ಫೈರ್‌ವಾಲ್ (ಎಂಜಿನ್‌ಗೂ ಕಾಕ್‌ಪಿಟ್‌ಗೂ ನಡುವಿನ ಗೋಡೆ) ಮೇಲೇ ಕೂರುತ್ತದೆ, ಒಟ್ಟು ದಾರಿ ಎರಡು ಮೀಟರ್ ಆಸುಪಾಸು. ಅಲ್ಲಿ 4 ಗೇಜ್ ಸಾಕು, ಸುಮ್ನೆ ಭಾರ ಹೊರುವುದು ಬೇಡ. ಆದರೆ ಲಾಂಗ್-ಈಜೀ ತರಹದ ವಿಮಾನ ನೋಡಿ: ಎಂಜಿನ್ ಹಿಂದೆ, ಬ್ಯಾಟರಿ ಮೂಗಿನಲ್ಲಿ, ಮೈಯೆಲ್ಲ ಫೈಬರ್ ಗ್ಲಾಸ್ ಮತ್ತು ಫೋಮ್, ಹಾಗಾಗಿ ವಾಪಸ್ ಬರುವ ಗ್ರೌಂಡ್‌ಗೂ ಅಷ್ಟೇ ಉದ್ದದ ಕೇಬಲ್. ಹೋಗಿ ಬರೋಕೆ ಎಂಟು ಮೀಟರ್ ಅಂದುಕೊಂಡರೆ 25ರ ಕೇಬಲ್‌ನಲ್ಲಿ 1.1 ವೋಲ್ಟ್ ಹೋಯಿತು, 35ರಲ್ಲಿ 0.8. ತಿರುಗಿಸುವಾಗ ಬ್ಯಾಟರಿ ತಾನೇ ಹತ್ತು ಚಿಲ್ಲರೆ ವೋಲ್ಟಿಗೆ ಇಳಿದಿರುತ್ತದೆ, ಅದರಲ್ಲಿ ಇನ್ನೊಂದು ವೋಲ್ಟ್ ದಾರಿಯಲ್ಲೇ ಸೋರಿದರೆ ಚಳಿಗಾಲದ ಬೆಳಿಗ್ಗೆ ಪ್ರೊಪೆಲ್ಲರ್ ಅರ್ಧ ಸುತ್ತಿಗೆ ನಿಲ್ಲುತ್ತದೆ. ಅಲ್ಲಿ 2 ಗೇಜ್‌ಗೆ ಹೋಗಿ. 35ರ ಕೇಬಲ್ ಮೀಟರಿಗೆ ತಾಮ್ರವೇ 300 ಗ್ರಾಂ ತೂಗುತ್ತದೆ, ಆದರೂ ಸರಿ.

ಯಾವ ಕೇಬಲ್ ಅನ್ನೋದು ಇನ್ನೊಂದು ಚರ್ಚೆ. ಟೆಫ್ಜೆಲ್ ಹೊದಿಕೆಯ ವಿಮಾನದ ಕೇಬಲ್ ಬಿಸಿ ತಡೆಯುತ್ತದೆ, ಆದರೆ ಈ ದಪ್ಪದಲ್ಲಿ ಬಗ್ಗುವುದೇ ಇಲ್ಲ. ವೆಲ್ಡಿಂಗ್ ಕೇಬಲ್ ಮೆತ್ತಗೆ ಬಗ್ಗುತ್ತದೆ, ಎಂಜಿನ್ ಅಲುಗಾಟಕ್ಕೆ ಒಗ್ಗುತ್ತದೆ, ಹಾಗಾಗಿ ತುಂಬಾ ಜನ ಅದನ್ನೇ ಹಾಕುತ್ತಾರೆ. ನನ್ನ ಮಟ್ಟಿಗೆ ಎಂಜಿನ್ ಕಡೆಗೆ ವೆಲ್ಡಿಂಗ್ ಕೇಬಲ್ ಹಾಕಿ ಮೇಲೆ ಬೆಂಕಿ ತಡೆಯುವ ಫೈರ್‌ಸ್ಲೀವ್ ತೊಡಿಸುವುದು ಸರಿ, ಕಾಕ್‌ಪಿಟ್ ಒಳಗೆ ಹಾಯುವುದಕ್ಕೆ ಟೆಫ್ಜೆಲ್ ಸರಿ.

ಅಗ್ಗದ್ದು ಸಿಕ್ಕಿತು ಅಂತ ಆನ್‌ಲೈನ್‌ನಲ್ಲಿ ತರಿಸುವ ಮುಂಚೆ ಒಂದು ಪರೀಕ್ಷೆ. ಒಂದು ಎಳೆ ಬಿಡಿಸಿ ಬ್ಲೇಡಿನಿಂದ ಕೆರೆಯಿರಿ. ಹೊರಗೆ ಕೆಂಪು, ಒಳಗೆ ಬಿಳಿ ಬಂದರೆ ಅದು ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ. ವಿಮಾನದ ಹತ್ತಿರವೂ ತರಬೇಡಿ. ಹೊರಗೆ ಬಿಳಿ, ಒಳಗೆ ಕೆಂಪು ಬಂದರೆ ಗಾಬರಿ ಬೇಡ, ತವರ ಲೇಪಿಸಿದ ತಾಮ್ರ ಅದು, ಒಳ್ಳೆಯದೇ.

ಲಗ್ ಒತ್ತುವುದು

ನಿಧಾನಿಸಬೇಕಾದ ಜಾಗ ಇದು. ದಪ್ಪ ತಾಮ್ರದ ಲಗ್ (ಬೋಲ್ಟಿಗೆ ಹಾಕೋಕೆ ಕೇಬಲ್ ತುದಿಗೆ ತೊಡಿಸುವ ತೂತಿನ ತುಂಡು), ಅದೇ ಅಳತೆಯ ಡೈ ಇರುವ ಹೈಡ್ರಾಲಿಕ್ ಅಥವಾ ಉದ್ದ ಹಿಡಿಯ ಕ್ರಿಂಪಿಂಗ್ ಟೂಲ್. ಸುತ್ತಿಗೆಯಿಂದ ಹೊಡೆದು ಒತ್ತುವ ಟೂಲ್ ಬೇಡ. ಬೆಸುಗೆಯೂ ಬೇಡ ಅಂತಲೇ ನಾನು ಹೇಳುವುದು: ಬೆಸುಗೆ ಎಳೆಗಳ ನಡುವೆ ಮೇಲೆ ಹತ್ತಿ ಕೇಬಲ್ ಗಟ್ಟಿಯಾಗುತ್ತದೆ, ಆ ಗಟ್ಟಿ ಭಾಗ ಮುಗಿಯುವ ಜಾಗದಲ್ಲಿ ಅಲುಗಾಟಕ್ಕೆ ಎಳೆ ಒಂದೊಂದಾಗಿ ಮುರಿಯುತ್ತವೆ.

ನಿಜವಾದ ಲಗ್ ಒತ್ತುವ ಮೊದಲು ಒಂದನ್ನು ಬಲಿಕೊಡಿ. ಒತ್ತಿ, ವೈಸ್‌ಗೆ ಹಿಡಿಸಿ, ಒತ್ತಿದ ಜಾಗದ ನಟ್ಟನಡುವೆ ಹ್ಯಾಕ್ಸಾ ಬ್ಲೇಡಿನಿಂದ ಕತ್ತರಿಸಿ. ಕತ್ತರಿಸಿದ ಮುಖವನ್ನು ಎಮರಿ ಪೇಪರ್‌ನಲ್ಲಿ ನುಣ್ಣಗೆ ಉಜ್ಜಿ, ಬೆಳಕಿಗೆ ಹಿಡಿದು ನೋಡಿ. ಎಳೆಗಳು ದುಂಡಗೆ ಉಳಿದಿರಬಾರದು. ಜೇನುಗೂಡಿನ ಹಾಗೆ ಮೂಲೆ ಮೂಲೆಯಾಗಿ ಒಂದಕ್ಕೊಂದು ಒತ್ತಿಕೊಂಡಿರಬೇಕು, ಮಧ್ಯೆ ಕಪ್ಪು ಚುಕ್ಕಿ ಕಾಣಬಾರದು. ಚುಕ್ಕಿ ಕಂಡರೆ ಅದು ಗಾಳಿ. ಗಾಳಿ ಇದ್ದಲ್ಲಿ ತೇವ ಹೋಗುತ್ತದೆ, ತೇವ ಹೋದಲ್ಲಿ ಕಿಲುಬು. ಡೈ ಬದಲಿಸಿ ಇನ್ನೊಂದು ಒತ್ತಿ ನೋಡಿ. ಸರಿ ಬಂದ ಮೇಲೆ ಮಿಕ್ಕವು. ಮೇಲೆ ಒಳಗೋಡೆಯಲ್ಲಿ ಅಂಟು ಇರುವ ಹೀಟ್ ಶ್ರಿಂಕ್.

ಗ್ರೌಂಡ್: ಎಲ್ಲರೂ ಮರೆಯುವ ಅರ್ಧ ದಾರಿ

ಹೋದ ಕರೆಂಟ್ ಅಷ್ಟೂ ವಾಪಸ್ ಬರಬೇಕು, ಅಲ್ವಾ? ಎಂಜಿನ್ ಕೂತಿರುವುದು ರಬ್ಬರ್ ಬುಷ್‌ಗಳ ಮೇಲೆ. ರಬ್ಬರ್‌ನಲ್ಲಿ ಕರೆಂಟ್ ಹರಿಯುವುದಿಲ್ಲ. ಗ್ರೌಂಡ್ ಪಟ್ಟಿ ಹಾಕದಿದ್ದರೆ, ಅಥವಾ ಹಾಕಿದ್ದು ಸಡಿಲವಾದರೆ, 200 ಆಂಪ್ ಬೇರೆ ದಾರಿ ಹುಡುಕುತ್ತದೆ. ಎಂಜಿನ್‌ಗೂ ವಿಮಾನದ ಮೈಗೂ ನಡುವೆ ಇರುವ ಬೇರೆ ಲೋಹ ಯಾವುದು? ಥ್ರಾಟಲ್ ಕೇಬಲ್, ಮಿಕ್ಸ್‌ಚರ್ (ಗಾಳಿಗೆ ಪೆಟ್ರೋಲ್ ಎಷ್ಟು ಅಂತ ಹೊಂದಿಸುವ) ಕೇಬಲ್. ಅವು ಕಾದು ಒಳಗಿನ ಹೊದಿಕೆ ಕರಗಿ ಬಿಗಿದುಕೊಳ್ಳುತ್ತವೆ. ಥ್ರಾಟಲ್ ಇದ್ದಕ್ಕಿದ್ದ ಹಾಗೆ ಒರಟಾಯಿತು ಅಂದರೆ ಮೊದಲು ಗ್ರೌಂಡ್ ಪಟ್ಟಿ ನೋಡಿ.

ಫೈರ್‌ವಾಲ್‌ನಲ್ಲಿ ಒಂದೇ ಒಂದು ದಪ್ಪ ಹಿತ್ತಾಳೆ ಬೋಲ್ಟು ಹಾಕಿ. ಬ್ಯಾಟರಿ ಮೈನಸ್ ಅದಕ್ಕೆ, ಎಂಜಿನ್ ಪಟ್ಟಿ ಅದಕ್ಕೆ, ಒಳಗಡೆ ಪ್ಯಾನೆಲ್‌ನ ಗ್ರೌಂಡ್ ಬ್ಲಾಕ್ ಕೂಡ ಅದಕ್ಕೇ. ಫೈರ್‌ವಾಲ್ ಸ್ಟೇನ್‌ಲೆಸ್ ಸ್ಟೀಲಿನದು, ಅದು ಕರೆಂಟ್ ಹರಿಸುವುದರಲ್ಲಿ ತಾಮ್ರದ ಹತ್ತಿರಕ್ಕೂ ಬರುವುದಿಲ್ಲ, ಅದನ್ನೇ ದಾರಿ ಅಂತ ನಂಬಬೇಡಿ. ಎಂಜಿನ್ ಪಟ್ಟಿಗೆ ಹೆಣೆದ ತಾಮ್ರದ ಪಟ್ಟಿ ಒಳ್ಳೆಯದು. ಒಂದು ತುದಿ ಕ್ರ್ಯಾಂಕ್‌ಕೇಸ್‌ನ ಬೋಲ್ಟಿಗೆ, ಪೇಂಟ್ ಕೆರೆದು. ಸ್ವಲ್ಪ ಸಡಿಲ ಬಿಡಿ, ಸ್ಟಾರ್ಟ್ ಆಗುವಾಗ ಎಂಜಿನ್ ಚೆನ್ನಾಗಿಯೇ ಅಲುಗಾಡುತ್ತದೆ.

ಪ್ಲಸ್ ಕೇಬಲ್ ಎಂಜಿನ್ ಮೌಂಟ್ ಪೈಪಿಗೆ ತಾಗುವ ಕಡೆಯೆಲ್ಲ ರಬ್ಬರ್ ಇರುವ ಅಡೆಲ್ ಕ್ಲ್ಯಾಂಪ್ ಹಾಕಿ, ಬರೀ ಪ್ಲಾಸ್ಟಿಕ್ ಟೈ ಸಾಲದು. ಪೆಟ್ರೋಲ್ ಪೈಪಿಗೆ ಅದನ್ನು ಕಟ್ಟಲೇಬೇಡಿ. ಸ್ಟಾರ್ಟರ್ ಬೋಲ್ಟಿನ ಮೇಲೆ ರಬ್ಬರ್ ಟೋಪಿ.

ಬಟನ್, ಕೀ ಮತ್ತು ಮ್ಯಾಗ್ನೆಟೋ

ಸಣ್ಣ ಸರ್ಕ್ಯೂಟ್‌ಗೆ 18 ಅಥವಾ 20 ಗೇಜ್ ತಂತಿ, 5 ಅಥವಾ 7 ಆಂಪ್ ಫ್ಯೂಸ್. ಬಟನ್ ಆದರೆ ಎಲ್ಲಿಡಬೇಕು ಅಂತ ಯೋಚಿಸಿ, ಮೊಣಕಾಲು ತಾಗುವ ಕಡೆ ಬೇಡ. ಸ್ಟಿಕ್ ಮೇಲೆ ಇಡುವವರು ಇದ್ದಾರೆ. ನನಗೆ ಅದು ಹಿಡಿಸುವುದಿಲ್ಲ, ರೇಡಿಯೋ ಬಟನ್ ಅಂದುಕೊಂಡು ಹಾರಾಟದಲ್ಲಿ ಒತ್ತಿದರೆ ತಿರುಗುತ್ತಿರುವ ರಿಂಗ್ ಗೇರಿಗೆ ಸ್ಟಾರ್ಟರ್ ಹಲ್ಲು ಬಡಿಯುತ್ತದೆ. ಅಲ್ಲೇ ಬೇಕೆಂದರೆ ಜೊತೆಗೆ ಒಂದು ಆರ್ಮ್ ಸ್ವಿಚ್ ಇರಲಿ.

ಕಾರಿನ ಹಾಗೆ ಕೀ ಸ್ವಿಚ್ ಹಾಕಿದರೆ ಅದು ಮ್ಯಾಗ್ನೆಟೋ (ಬ್ಯಾಟರಿ ಇಲ್ಲದೇ ಸ್ಪಾರ್ಕ್ ಪ್ಲಗ್‌ಗೆ ಕಿಡಿ ಕೊಡುವ ಯಂತ್ರ, ಎಂಜಿನ್‌ಗೆ ಎಡ ಬಲ ಎರಡು) ಮತ್ತು ಸ್ಟಾರ್ಟ್ ಎರಡನ್ನೂ ನೋಡಿಕೊಳ್ಳುತ್ತದೆ. ಇಲ್ಲಿ ಒಂದು ಸೂಕ್ಷ್ಮ ಇದೆ. ಈ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ಎಡ ಮ್ಯಾಗ್ನೆಟೋಗೆ ಮಾತ್ರ ಇಂಪಲ್ಸ್ ಕಪ್ಲಿಂಗ್ ಇರುತ್ತದೆ. ಅದು ಸ್ಟಾರ್ಟ್ ಮಾಡುವಾಗ ಕಿಡಿಯನ್ನು ತಡಮಾಡಿ, ಪಿಸ್ಟನ್ ಮೇಲೆ ಮುಟ್ಟುವ ಹೊತ್ತಿಗೆ ಕೊಡುತ್ತದೆ. ಬಲದ್ದಕ್ಕೆ ಅದಿಲ್ಲ, ಅದು 25 ಡಿಗ್ರಿ ಮೊದಲೇ ಕಿಡಿ ಹಾರಿಸುತ್ತದೆ. ನಿಧಾನಕ್ಕೆ ತಿರುಗುತ್ತಿರುವ ಎಂಜಿನ್‌ಗೆ ಅಷ್ಟು ಬೇಗ ಕಿಡಿ ಬಿದ್ದರೆ ಅದು ಹಿಂದಕ್ಕೆ ಒದೆಯುತ್ತದೆ, ಸ್ಟಾರ್ಟರ್‌ನ ಮೂತಿ ಮುರಿಯುತ್ತದೆ. ಅದಕ್ಕೇ ಕೀ ಸ್ವಿಚ್‌ನ ಹಿಂದೆ ಒಂದು ಸಣ್ಣ ಲೋಹದ ಜಂಪರ್ ಇರುತ್ತದೆ, ಸ್ಟಾರ್ಟ್ ಸ್ಥಾನದಲ್ಲಿ ಬಲ ಮ್ಯಾಗ್ನೆಟೋವನ್ನು ಗ್ರೌಂಡ್ ಮಾಡಿ ಸುಮ್ಮನಾಗಿಸುವುದು ಅದರ ಕೆಲಸ. ನಿಮ್ಮ ಮ್ಯಾಗ್ನೆಟೋ ಯಾವ ಥರ ಅಂತ ಖಚಿತ ಮಾಡಿಕೊಂಡು ಜಂಪರ್ ಇಡಿ ಅಥವಾ ತೆಗೆಯಿರಿ. ಬಟನ್ ಮತ್ತು ಎರಡು ಟಾಗಲ್ ಸ್ವಿಚ್ ಇದ್ದವರು ಎಡ ಮಾತ್ರ ಆನ್ ಮಾಡಿ ಸ್ಟಾರ್ಟ್ ಮಾಡಬೇಕು.

ಡಯೋಡ್

ಕಾಯಿಲ್‌ಗೆ ಕರೆಂಟ್ ನಿಂತ ಕ್ಷಣ ಅದು ನೂರಾರು ವೋಲ್ಟಿನ ಒಂದು ಹೊಡೆತ ಹಿಂದಕ್ಕೆ ಕೊಡುತ್ತದೆ. ಆ ಹೊಡೆತ ತಿನ್ನುವುದು ನಿಮ್ಮ ಸ್ವಿಚ್‌ನ ಕಾಂಟ್ಯಾಕ್ಟ್‌ಗಳನ್ನು. ಪ್ರತಿ ಸಲ ಒಂದು ಸಣ್ಣ ಕಿಡಿ, ಕೊನೆಗೊಂದು ದಿನ ಸ್ವಿಚ್ ಒಳಗೇ ಅಂಟಿಕೊಳ್ಳುತ್ತದೆ. ಬೆರಳು ತೆಗೆದರೂ ಸ್ಟಾರ್ಟರ್ ಬಿಡದಿರುವುದಕ್ಕೆ ಇದೂ ಒಂದು ಕಾರಣ. ಮದ್ದು ಕೆಲವೇ ರೂಪಾಯಿಯದು: ಪ್ರತಿ ಕಾಯಿಲ್‌ಗೂ ಒಂದು 1ಎನ್5400 ಡಯೋಡ್. ಅದಕ್ಕಿಂತ ಸಣ್ಣದೂ ನಡೆಯುತ್ತದೆ, ಆದರೆ ಇದರ ಕಾಲು ದಪ್ಪ, ಅಲುಗಾಟಕ್ಕೆ ಮುರಿಯುವುದಿಲ್ಲ.

ದಿಕ್ಕು ತಪ್ಪಬೇಡಿ. ಡಯೋಡ್ ಮೇಲಿನ ಬಿಳಿ ಗೆರೆ ಯಾವಾಗಲೂ ಪ್ಲಸ್ ಕಡೆಗೆ. ಮಾಸ್ಟರ್ ಕಾಂಟ್ಯಾಕ್ಟರ್‌ನಲ್ಲಿ ಗೆರೆ ಬ್ಯಾಟರಿ ಬೋಲ್ಟಿಗೆ, ಇನ್ನೊಂದು ತುದಿ ಸಣ್ಣ ಬೋಲ್ಟಿಗೆ. ಸ್ಟಾರ್ಟರ್ ಕಾಂಟ್ಯಾಕ್ಟರ್‌ನಲ್ಲಿ ಗೆರೆ ‘ಎಸ್’ಗೆ, ಇನ್ನೊಂದು ತುದಿ ಮೌಂಟಿಂಗ್ ಬೋಲ್ಟಿಗೆ. ತಿರುಗಾಮುರುಗಾ ಹಾಕಿದರೆ ಅದು ನೇರ ಶಾರ್ಟ್, ಸ್ಟಾರ್ಟರ್‌ನದರಲ್ಲಿ ಬಟನ್ ಒತ್ತಿದ ಕೂಡಲೇ ಫ್ಯೂಸ್ ಹೋಗುತ್ತದೆ.

ಸ್ಟಾರ್ಟರ್ ಮೇಲಿನ ಜಂಪರ್

ಹೊಸ ಹಗುರ ಸ್ಟಾರ್ಟರ್‌ಗಳ ಮೈಮೇಲೇ ಇನ್ನೊಂದು ಸೊಲೆನಾಯ್ಡ್ (ಕರೆಂಟ್ ಬಂದಾಗ ಎಳೆಯುವ ಕಾಯಿಲ್) ಇರುತ್ತದೆ. ಹಲ್ಲನ್ನು ಮುಂದಕ್ಕೆ ತಳ್ಳುವುದು ಅದೇ. ಫೈರ್‌ವಾಲ್ ಮೇಲೆ ಬೇರೆ ಕಾಂಟ್ಯಾಕ್ಟರ್ ಇದ್ದಾಗ, ಸ್ಟಾರ್ಟರ್‌ನ ದೊಡ್ಡ ಬೋಲ್ಟಿನಿಂದ ಸೊಲೆನಾಯ್ಡ್‌ನ ಸಣ್ಣ ಬೋಲ್ಟಿಗೆ ಒಂದು ಜಂಪರ್ ಹಾಕಿಬಿಡುತ್ತಾರೆ. ದಪ್ಪ ಕೇಬಲ್‌ಗೆ ಕರೆಂಟ್ ಬಂದಾಗ ಎರಡೂ ಒಟ್ಟಿಗೆ ಕೆಲಸ ಮಾಡುತ್ತವೆ. ವೈಂಡಿಂಗ್ ಇರುವ ಮೋಟರ್‌ಗೆ ಇದು ಸರಿ.

ಪರ್ಮನೆಂಟ್ ಮ್ಯಾಗ್ನೆಟ್ ಮೋಟರ್ ಆದರೆ ಕಥೆ ಬೇರೆ. ಕರೆಂಟ್ ನಿಂತ ಮೇಲೂ ಆ ಮೋಟರ್ ಸ್ವಲ್ಪ ಹೊತ್ತು ತಿರುಗುತ್ತಿರುತ್ತದೆ, ತಿರುಗುವ ಅಷ್ಟೂ ಹೊತ್ತು ಅದು ಡೈನಮೋ. ಆ ಕರೆಂಟ್ ಜಂಪರ್ ಮೂಲಕ ಸೊಲೆನಾಯ್ಡ್‌ಗೆ ಹೋಗಿ ಹಲ್ಲನ್ನು ಹಿಂದಕ್ಕೆ ಬರಲು ಬಿಡುವುದಿಲ್ಲ. ಎಂಜಿನ್ ಶುರುವಾಗಿರುತ್ತದೆ, ಬೆರಳು ತೆಗೆದಿರುತ್ತೀರಿ, ಸ್ಟಾರ್ಟರ್ ಮಾತ್ರ ಕೀರಲುತ್ತಾ ಇರುತ್ತದೆ. ಇಂಥ ಸ್ಟಾರ್ಟರ್‌ಗೆ ಜಂಪರ್ ತೆಗೆದು, ಸೊಲೆನಾಯ್ಡ್‌ಗೆ ಬೇರೆ ತಂತಿ ಎಳೆಯಿರಿ. ಅದನ್ನು ನೇರ ಬಟನ್‌ಗೆ ಕೊಡಬೇಡಿ, ಮೊದಲ ಹೊಡೆತಕ್ಕೆ 30 ಆಂಪ್‌ವರೆಗೂ ಎಳೆಯಬಹುದು, ಬಟನ್ ತಡೆಯುವುದಿಲ್ಲ. ಮಧ್ಯೆ 40 ಆಂಪ್‌ನ ಕಾರ್ ರಿಲೇ, ಅದಕ್ಕೊಂದು 30 ಆಂಪ್ ಫ್ಯೂಸ್, 4 ಚದರ ಮಿಲಿಮೀಟರ್ ತಂತಿ. ರಿಲೇಯ ಕಾಯಿಲ್ ಅನ್ನು ಕಾಂಟ್ಯಾಕ್ಟರ್‌ನ ‘ಎಸ್’ ತಂತಿಗೇ ಸೇರಿಸಿ. ಬೆರಳು ತೆಗೆದರೆ ಎರಡೂ ಒಟ್ಟಿಗೆ ಬಿಡುತ್ತವೆ. ಸ್ಟಾರ್ಟರ್ ತಯಾರಕರ ಚಿತ್ರ ಬೇರೆ ಹೇಳಿದರೆ ಅವರ ಮಾತು ಕೇಳಿ.

ಬೇರೆ ಕಾಂಟ್ಯಾಕ್ಟರ್ ಯಾಕೆ, ಸ್ಟಾರ್ಟರ್‌ನದೇ ಸಾಕಲ್ಲ ಅಂತ ಕೇಳುವವರಿಗೆ ಉತ್ತರ: ಸಾಕು, ಸಾಕಷ್ಟು ಜನ ಹಾಗೇ ಮಾಡಿದ್ದಾರೆ. ಆದರೆ ಆಗ ಎಂಜಿನ್ ಪಕ್ಕದ ಬಿಸಿಯಲ್ಲಿ, ಎಗ್ಸಾಸ್ಟ್ ಹತ್ತಿರ ಹಾಯುವ ಆ ಫ್ಯೂಸ್ ಇಲ್ಲದ ಕೇಬಲ್‌ನಲ್ಲಿ ಹಾರಾಟ ಪೂರ್ತಿ ಕರೆಂಟ್ ಇರುತ್ತದೆ.

ಕೆಂಪು ದೀಪ

ಕಾಂಟ್ಯಾಕ್ಟರ್‌ನ ‘ಐ’ ಬೋಲ್ಟು ಹಳೆಯ ಕಾರುಗಳ ಇಗ್ನಿಷನ್‌ಗಾಗಿ ಇದ್ದದ್ದು, ನಮಗೆ ಬೇರೆ ಉಪಯೋಗಕ್ಕೆ ಬರುತ್ತದೆ. ಒಳಗಿನ ತಟ್ಟೆ ಮುಟ್ಟಿದಾಗ ಮಾತ್ರ ಅದಕ್ಕೆ ಕರೆಂಟ್ ಬರುತ್ತದೆ. ಅಲ್ಲಿಂದ 1 ಆಂಪ್ ಫ್ಯೂಸ್ ಮೂಲಕ ಪ್ಯಾನೆಲ್‌ನಲ್ಲಿ ಒಂದು ಕೆಂಪು ಎಲ್‌ಇಡಿ. ಫ್ಯೂಸ್ ಕಾಂಟ್ಯಾಕ್ಟರ್ ಪಕ್ಕದಲ್ಲೇ ಇರಲಿ. ಬಟನ್ ಬಿಟ್ಟ ಮೇಲೂ ದೀಪ ಉರಿಯುತ್ತಿದ್ದರೆ ಕಾಂಟ್ಯಾಕ್ಟ್ ಬೆಸೆದುಕೊಂಡಿದೆ ಅಂತ ಅರ್ಥ. ‘ಐ’ ಇಲ್ಲದ ಕಾಂಟ್ಯಾಕ್ಟರ್ ಆದರೆ ಸ್ಟಾರ್ಟರ್ ಕಡೆಯ ದೊಡ್ಡ ಬೋಲ್ಟಿನಿಂದ ತೆಗೆಯಿರಿ.

ಪರೀಕ್ಷೆ

ಮೊದಲು ಇದನ್ನು ಓದಿ. ಮ್ಯಾಗ್ನೆಟೋಗೆ ಬ್ಯಾಟರಿ ಬೇಡ. ಪಿ-ಲೀಡ್ ಅನ್ನುವ ತಂತಿ ಗ್ರೌಂಡ್‌ಗೆ ತಾಗಿದ್ದರೆ ಮಾತ್ರ ಅದು ಸುಮ್ಮನಿರುತ್ತದೆ. ತಂತಿ ಬಿಚ್ಚಿಟ್ಟಿದ್ದರೆ ಅದು ಆನ್ ಅಂತಲೇ ಲೆಕ್ಕ. ಹಾಗಾಗಿ ಪ್ರತಿ ಸಿಲಿಂಡರ್‌ನಿಂದ ಒಂದಾದರೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಎಲ್ಲ ಪ್ಲಗ್ ತಂತಿಗಳನ್ನೂ ಬಿಡಿಸಿ ದೂರ ಕಟ್ಟಿ, ಪಿ-ಲೀಡ್ ಗ್ರೌಂಡ್ ಆಗಿದೆಯಾ ಅಂತ ಮೀಟರ್‌ನಲ್ಲಿ ನೋಡಿ, ಪೆಟ್ರೋಲ್ ವಾಲ್ವ್ ಮುಚ್ಚಿ, ಚಕ್ರಕ್ಕೆ ಅಡ್ಡ ಇಡಿ. ಪ್ರೊಪೆಲ್ಲರ್ ಸುತ್ತ ಯಾರೂ ಬೇಡ.

ಮೊದಲ ಸುತ್ತು ಸ್ಟಾರ್ಟರ್‌ನಿಂದ ದಪ್ಪ ಕೇಬಲ್ ಬಿಚ್ಚಿ, ಅದರ ಲಗ್‌ಗೆ ಟೇಪ್ ಸುತ್ತಿ. ಸೊಲೆನಾಯ್ಡ್‌ಗೆ ಬೇರೆ ತಂತಿ ಎಳೆದಿದ್ದರೆ ಅದನ್ನೂ ಬಿಚ್ಚಿ. ಮಾಸ್ಟರ್ ಆನ್: ಒಂದು ಠಕ್. ಬಟನ್: ಇನ್ನೊಂದು ಠಕ್, ಕೆಂಪು ದೀಪ. ಬಿಟ್ಟರೆ ಮತ್ತೆ ಠಕ್, ದೀಪ ಆರಬೇಕು. ಹತ್ತಿಪ್ಪತ್ತು ಸಲ ಮಾಡಿ. ಕಿವಿ ಇರಲಿ ಬಿಡುವ ಸದ್ದಿನ ಮೇಲೆ, ಅದು ತಕ್ಷಣ ಬರಬೇಕು.

ಆಮೇಲೆ ಮಾಸ್ಟರ್ ಆಫ್ ಮಾಡಿ ಕೇಬಲ್ ಜೋಡಿಸಿ ನಿಜವಾಗಿ ತಿರುಗಿಸಿ. ಮೀಟರ್‌ಗೆ ಉದ್ದ ತಂತಿ ಹಾಕಿ, ಮೊಸಳೆ ಕ್ಲಿಪ್ ಸಿಕ್ಕಿಸಿ, ಒಬ್ಬರು ಪ್ರೊಪೆಲ್ಲರ್‌ನಿಂದ ದೂರ ನಿಂತು ಓದಲಿ. ಬ್ಯಾಟರಿ ಪ್ಲಸ್ ಮತ್ತು ಸ್ಟಾರ್ಟರ್ ಬೋಲ್ಟಿನ ನಡುವೆ ಅರ್ಧ ವೋಲ್ಟಿಗಿಂತ ಕಡಿಮೆ ಇರಬೇಕು. ಬ್ಯಾಟರಿ ಮೈನಸ್ ಮತ್ತು ಸ್ಟಾರ್ಟರ್‌ನ ಮೈ ನಡುವೆ 0.3ಕ್ಕಿಂತ ಕಡಿಮೆ. ಜಾಸ್ತಿ ಬಂದರೆ ಒಂದೊಂದೇ ಜೋಡಣೆಯ ಮೇಲೆ ಅಳೆಯುತ್ತಾ ಹೋಗಿ, ಎಲ್ಲಿ ಇದ್ದಕ್ಕಿದ್ದಂತೆ ಏರುತ್ತದೋ ಅಲ್ಲೇ ತೊಂದರೆ. ಬ್ಯಾಟರಿ ದೂರ ಇರುವ ವಿಮಾನಕ್ಕೆ ಈ ಅಂಕಿ ಸ್ವಲ್ಪ ಸಡಿಲಿಸಿ, ಮೇಲಿನ ಲೆಕ್ಕದ ಪ್ರಕಾರ. ಒಂದು ಸಲಕ್ಕೆ ಹತ್ತು ಸೆಕೆಂಡ್ ದಾಟಬೇಡಿ, ಮಧ್ಯೆ ಸ್ಟಾರ್ಟರ್ ತಣ್ಣಗಾಗಲಿ.

ಅಮೆರಿಕದಲ್ಲಿ ಕಟ್ಟುವವರಾದರೆ ಇಎಎಯ (ಸ್ವಂತ ವಿಮಾನ ಕಟ್ಟುವವರ ಸಂಘ, ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್) ಟೆಕ್ನಿಕಲ್ ಕೌನ್ಸೆಲರ್‌ಗಳು ಪುಕ್ಕಟೆ ಬಂದು ನೋಡುತ್ತಾರೆ. ಎಂಜಿನ್ ಮೇಲಿನ ಕೌಲಿಂಗ್ (ಮುಚ್ಚಳ) ಮುಚ್ಚುವ ಮೊದಲೇ ಕರೆಯಿರಿ.

ಕೊನೆಯದು ಚೆಕ್‌ಲಿಸ್ಟ್. ಎಂಜಿನ್ ಶುರುವಾದ ಕೂಡಲೇ ಆಯಿಲ್ ಪ್ರೆಷರ್ ಜೊತೆಗೆ ‘ಸ್ಟಾರ್ಟರ್ ದೀಪ ಆರಿದೆ’ ಅಂತ ಒಂದು ಸಾಲು ಸೇರಿಸಿ. ಆರಿಲ್ಲದಿದ್ದರೆ: ಮಿಕ್ಸ್‌ಚರ್ ಎಳೆದು ಎಂಜಿನ್ ನಿಲ್ಲಿಸಿ, ಮಾಸ್ಟರ್ ಆಫ್, ಆಲ್ಟರ್ನೇಟರ್‌ನ (ಎಂಜಿನ್ ತಿರುಗಿದಾಗ ಕರೆಂಟ್ ಹುಟ್ಟಿಸುವುದು) ಫೀಲ್ಡ್ ಸ್ವಿಚ್ ಕೂಡ ಆಫ್. ಆಲ್ಟರ್ನೇಟರ್ ಯಾಕೆ ಅಂದರೆ, ಬಹಳ ವಿಮಾನಗಳಲ್ಲಿ ಅದರ ದಪ್ಪ ತಂತಿ ಬಂದು ಸೇರುವುದು ಸ್ಟಾರ್ಟರ್ ಕಾಂಟ್ಯಾಕ್ಟರ್‌ನ ಅದೇ ಬೋಲ್ಟಿಗೆ. ಎಂಜಿನ್ ತಿರುಗುತ್ತಿರುವಷ್ಟು ಹೊತ್ತು ಬ್ಯಾಟರಿ ಕಡಿದರೂ ಅದು ಸ್ಟಾರ್ಟರ್‌ಗೆ ಕರೆಂಟ್ ಉಣಿಸುತ್ತಲೇ ಇರಬಹುದು. ಎಂಜಿನ್ ನಿಂತ ಮೇಲೆ ಮಾಸ್ಟರ್ ಮತ್ತೆ ಆನ್ ಮಾಡಿ ಪರೀಕ್ಷಿಸುವ ಆಸೆ ಬೇಡ, ಕಾಂಟ್ಯಾಕ್ಟ್ ಬೆಸೆದಿದ್ದರೆ ಆನ್ ಮಾಡಿದ ಕೂಡಲೇ ಪ್ರೊಪೆಲ್ಲರ್ ತಿರುಗುತ್ತದೆ. ಬ್ಯಾಟರಿ ಮೈನಸ್ ಬಿಚ್ಚಿ, ಕಾಂಟ್ಯಾಕ್ಟರ್‌ನ ಎರಡು ದೊಡ್ಡ ಬೋಲ್ಟುಗಳಿಂದ ಕೇಬಲ್ ತೆಗೆದು, ಅವುಗಳ ನಡುವೆ ಮೀಟರ್ ಇಟ್ಟು ನೋಡಿ. ಸೊನ್ನೆ ಓಮ್ ಬಂದರೆ ಕಾಂಟ್ಯಾಕ್ಟರ್ ಬದಲಿಸಿ. ತಟ್ಟಿ ಸರಿಮಾಡಿದ್ದನ್ನು ಮತ್ತೆ ಹಾಕಬೇಡಿ.